ಮುಟ್ಟಬೇಡ ಎಂದ ಮುಖ

ಎರಡು ಲೈಟಿಗೆ ಮೂವತ್ತೊಂದು ಸಾವಿರ. ಬೆಳಕನ್ನು ಮೆತ್ತಗೆ ಮಾಡುವ, ಕಪ್ಪು ಗುಡಾರದಂಥ ಸಾಫ್ಟ್‌ಬಾಕ್ಸಿಗೆ ನಾಲ್ಕೂವರೆ. ಸ್ಟ್ಯಾಂಡುಗಳಿಗೆ ಮೂರು. ಬೂದು ಬಣ್ಣದ ಪರದೆ ಬಟ್ಟೆ ಎಂಟುನೂರು, ಥರ್ಮಾಕೋಲ್ ಹಾಳೆ ಎಪ್ಪತ್ತು ರೂಪಾಯಿ. ಫೋಟೋಗೆ ಕೂರುವ ಹುಡುಗಿಗೆ ಏನೂ ಇಲ್ಲ. ಅವಳಿಗೆ ಫೋಟೋ ಬಿಟ್ಟಿ, ಸ್ಟುಡಿಯೋದ ಕಾಂತರಾಜನಿಗೆ ಕಲಿಕೆ ಬಿಟ್ಟಿ. ಹುಡುಗಿ ಬರುವ ತನಕ ಅವಳ ಜಾಗದಲ್ಲಿ ಕೂತು, ಬಂದ ಮೇಲೆ ಎದ್ದು ಥರ್ಮಾಕೋಲ್ ಹಿಡಿದು ನಿಲ್ಲುವ ಹೆಂಡತಿಗೆ ಎಷ್ಟು ಎಂದು ಕೇಳಿದವರಿಲ್ಲ. ಹಾಗೆ ಕೇಳಬೇಕು ಎಂದು ಇಂದ್ರಾಣಿಗೂ ಇಪ್ಪತ್ತು ವರ್ಷ ಅನ್ನಿಸಿರಲಿಲ್ಲ. ಈ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಾಗ ಅನ್ನಿಸಿತು. ಕಾಂತರಾಜ ಅವಳ ಮುಖದ ಮುಂದೆ ಬಗ್ಗಿ ಮೂಗಿನ ನೆರಳನ್ನು ನೋಡುತ್ತಿದ್ದ. ಮೂಗನ್ನಲ್ಲ, ನೆರಳನ್ನು. ಲೈಟನ್ನು ಪಕ್ಕಕ್ಕೆ ಸರಿಸಿ ಒಂದಿಷ್ಟು ಮೇಲೆತ್ತಿದರೆ ಮೂಗಿನ ನೆರಳು ಜಾರಿ ಕೆನ್ನೆಯ ನೆರಳನ್ನು ಮುಟ್ಟಬೇಕು, ಕತ್ತಲಾದ ಆ ಕೆನ್ನೆಯಲ್ಲಿ ಕಣ್ಣಿನ ಕೆಳಗೆ ಬೆಳಕಿನದೊಂದು ಪುಟ್ಟ ತ್ರಿಕೋನ ಉಳಿಯಬೇಕು ಎಂದು ಅವನು ಫೋನಿನಲ್ಲಿ ಯಾವನೋ ಪಾಠ ಹೇಳುವುದನ್ನು ನೋಡಿ ಕಲಿತಿದ್ದ. “ಗದ್ದ ಒಂಚೂರು ಎತ್ತು. ಸಾಕು,” ಎಂದ. ತ್ರಿಕೋನ ಬಂತು. ಅದು ಬಿದ್ದದ್ದು ಅವಳ ಎಡಗೆನ್ನೆಯ ಮೇಲೆ, ಸರಿಯಾಗಿ ಮಚ್ಚೆ ಇರುವ ಜಾಗದಲ್ಲಿ. ಅವನು ಒಂದು ಫೋಟೋ ಹೊಡೆದು, ಕ್ಯಾಮೆರಾದ ಬೆನ್ನು ನೋಡಿ, ತಲೆಯಾಡಿಸಿ, “ಲೈಟು ಸರ್ಯಾಗೈತೆ,” ಎಂದ. ಲೈಟಿಗೆ ಹೇಳಿದ್ದು.

ಇಪ್ಪತ್ತು ವರ್ಷದ ಹಿಂದಿನ ಸ್ಟೂಲು ಮರದ್ದು, ಒಂದು ಕಾಲು ಅಲ್ಲಾಡುತ್ತಿತ್ತು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಅಪ್ಪ ಅವಳನ್ನು ಬಸ್ಸಿನಲ್ಲಿ ಬಂಗಾರಪೇಟೆಗೆ ಕರೆತಂದು ಈ ತ್ರಿವೇಣಿ ಸ್ಟುಡಿಯೋದಲ್ಲಿ ಕೂರಿಸಿದ್ದರು. ಮಾಲೂರಿನ ಗಂಡಿನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಫೋಟೋದವನಿಗೆ ಚಿಗುರು ಮೀಸೆ. ಮೂರೇ ನಿಮಿಷದಲ್ಲಿ, ಅವಳು ಉಸಿರು ಬಿಡುವುದರೊಳಗೆ ಮುಗಿಯಿತು. ವಾರದ ಮೇಲೆ ಲಕೋಟೆ ಬಿಚ್ಚಿದರೆ ಒಳಗಿದ್ದವಳಿಗೆ ಮಚ್ಚೆ ಇರಲಿಲ್ಲ. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ತಿದ್ದಿದರೆ ಮುಖದ ಕಪ್ಪು ಹಾಗೆ ಮಾಯವಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಮದುವೆಯಾದ ಮೇಲೆ. ಅತ್ತೆಯೊಬ್ಬಳು ಫೋಟೋ ನೋಡಿ, ಇವಳು ನಮ್ಮ ಇಂದ್ರಾಣಿಯೇನಾ ಎಂದು ನಕ್ಕಿದ್ದಳು. ಮಾಲೂರಿನವರು ಒಲ್ಲೆ ಎಂದರು. ಎರಡು ತಿಂಗಳಿಗೆ ಆ ಫೋಟೋದವನ, ಅಂದರೆ ಕಾಂತರಾಜನ, ಕಡೆಯವರೇ ಹೆಣ್ಣು ಕೇಳಿಕೊಂಡು ಬಂದರು. ಅವನು ಕೇಳಿದ್ದು ಸ್ಟೂಲಿನ ಮೇಲೆ ಕೂತಿದ್ದವಳನ್ನೋ, ಲಕೋಟೆಯಲ್ಲಿದ್ದವಳನ್ನೋ? ಈ ಮಾತು ಅವಳ ಬಾಯಿಗೆ ಎಷ್ಟೋ ಸಲ ಬಂದು, ಸಾರಿಗೆ ಉಪ್ಪು ಹಾಕುವಾಗಲೋ ಮಗಳ ಜಡೆ ಹೆಣೆಯುವಾಗಲೋ ಒಳಗೇ ಹಿಂದಿರುಗಿತ್ತು. ಹದಿನೆಂಟು ತುಂಬುತ್ತಲೇ ಮದುವೆಯಾಗಿ ಮಗಳೂ ಈಗ ಗಂಡನ ಮನೆಯಲ್ಲಿದ್ದಳು. ಸ್ಟುಡಿಯೋದ ಬೋರ್ಡು ಇಂದ್ರಾಣಿಯ ಮದುವೆಗಿಂತ ಹಳೆಯದು. ಬರುವ ಗಿರಾಕಿಗಳಲ್ಲಿ ಅರ್ಧ ಜನ ಅವಳನ್ನು ತ್ರಿವೇಣಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅಲ್ಲ ಎನ್ನುತ್ತಿದ್ದಳು, ಆಮೇಲೆ ಬಿಟ್ಟಳು.

“ಅಕ್ಕಾ, ಬಸ್ಸು ಲೇಟು,” ಎನ್ನುತ್ತ ಭಾನುಪ್ರಿಯ ಮೆಟ್ಟಿಲು ಹತ್ತಿ ಬಂದಳು. ಇಂದ್ರಾಣಿ ಸ್ಟೂಲಿನಿಂದ ಎದ್ದಳು. ಏಳು ಎಂದು ಯಾರೂ ಹೇಳಿರಲಿಲ್ಲ, ಸ್ಟೂಲೇ ಹೇಳಿದಂತಾಯಿತು.

ಹುಡುಗಿಗೆ ಇಪ್ಪತ್ತೊಂದು. ನಂದಿದುರ್ಗದ ಮುಚ್ಚಿದ ಚಿನ್ನದ ಗಣಿಯ ಲೈನುಗಳಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ವಾಸ. ತಾಯಿ ಗಂಗರತ್ನಮ್ಮ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಯಾವುದೋ ಆಫೀಸು ಗುಡಿಸಿ ಸಂಜೆ ವಾಪಸಾಗುವವಳು. ಭಾನುಪ್ರಿಯ ಬಂಗಾರಪೇಟೆಯ ಸೀರೆ ಅಂಗಡಿಯಲ್ಲಿ ನಿಂತೇ ದುಡಿಯುತ್ತಿದ್ದಳು, ಮಂಗಳವಾರ ರಜ. ಗಿರಾಕಿಗಳಿಗೆ ತೋರಿಸಲು ಸೀರೆಯನ್ನು ಹೆಗಲ ಮೇಲೆ ಹೊದ್ದು ನಿಲ್ಲುತ್ತಿದ್ದವಳನ್ನು ಯಾರೋ ನೋಡಿ, ನೀನು ಮಾಡೆಲ್ ಆಗಬಹುದು ಎಂದಿದ್ದರಂತೆ. ಆ ಮಾತನ್ನು ಅವಳು ಬಚ್ಚಿಟ್ಟ ನೋಟಿನಂತೆ ಇಟ್ಟುಕೊಂಡಿದ್ದಳು. ಎಣ್ಣೆಗಪ್ಪು ಬಣ್ಣ, ಉದ್ದ ಕತ್ತು. ಮೇಲ್ದುಟಿಯಿಂದ ಮೂಗಿನ ಹೊಳ್ಳೆಯ ತನಕ ಒಂದು ಗಾಯದ ಗುರುತು. ಲೈನಿನ ನಲ್ಲಿಯಲ್ಲಿ ನೀರಿನ ಜಗಳಕ್ಕೆ ಯಾರೋ ಬೀಸಿದ ಬಿಂದಿಗೆ ಏಳು ವರ್ಷದವಳಿಗೆ ತಗಲಿತ್ತು. ಮೊದಲ ದಿನ ಅವಳು ಮಾತಾಡಿದ್ದೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ. ಬಟ್ಟೆ ಬದಲಿಸುವ ಪರದೆಯ ಹಿಂದೆ ಇಂದ್ರಾಣಿ ಅವಳ ಸೆರಗಿಗೆ ಪಿನ್ನು ಚುಚ್ಚುವಾಗ, “ಅಕ್ಕಾ, ಕಂಪ್ಯೂಟ್ರಲ್ಲಿ ಇದು ತೆಗೆಯಕ್ಕಾಗುತ್ತಾ?” ಎಂದು ಪಿಸುಗುಟ್ಟಿದ್ದಳು. ಅಯ್ಯೋ, ಒಂದು ಗುಂಡಿ ಒತ್ತಿದರೆ ಹೋಗುತ್ತದೆ, ಅಣ್ಣನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ, ಇಲ್ಲಿ ತಿದ್ದುವ ಕೆಲಸವೆಲ್ಲ ನನ್ನದೇ ಎಂದು ಇಂದ್ರಾಣಿ ಧೈರ್ಯ ಹೇಳಿದ್ದಳು. ಅವತ್ತು ಹುಡುಗಿಯ ಮೇಲೆ ಅವಳಿಗೆ ಮನಸ್ಸು ಕರಗಿತ್ತು. ಕೈ ಅಡ್ಡ ಇಟ್ಟುಕೊಳ್ಳುವವರನ್ನು ಅವಳು ಬಲ್ಲಳು. ತಾನೂ ಗುಂಪಿನ ಫೋಟೋದಲ್ಲಿ ಯಾವತ್ತೂ ಎಡಗಡೆಯ ಕೊನೆಗೆ ನಿಂತು ಎಡಗೆನ್ನೆಯನ್ನು ಹೊರಗೆ ತಿರುಗಿಸಿಕೊಳ್ಳುವವಳು.

ಇವತ್ತು ನಾಲ್ಕನೇ ಮಂಗಳವಾರ. ಹುಡುಗಿ ನಗುತ್ತಿದ್ದಳು, ಕೈ ಎರಡೂ ತೊಡೆಯ ಮೇಲಿದ್ದವು. ಇದು ಆದದ್ದು ಹೇಗೆ ಎಂದು ಇಂದ್ರಾಣಿ ಕಣ್ಣಾರೆ ಕಂಡಿದ್ದಳು. ಎರಡನೇ ಮಂಗಳವಾರ ಕಾಂತರಾಜ ಲೈಟನ್ನು ಗಾಯವಿದ್ದ ಕಡೆಗೇ ತಂದು ನಿಲ್ಲಿಸಿದ್ದ. ಹುಡುಗಿಯ ಕೈ ಮೇಲಕ್ಕೆ ಹೋದಾಗ, ತೆಗಿಯಮ್ಮ ಎಂದು ಬೈಯದೆ ಸುಮ್ಮನೆ ಕಾದಿದ್ದ, ಹತ್ತು ನಿಮಿಷ. ಅವಳ ಕೈ ತಾನೇ ಸೋತು ಇಳಿದ ಮೇಲೆ ಒಂದೇ ಫೋಟೋ ಹೊಡೆದು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟಿದ್ದ. ಹುಡುಗಿ ಬಹಳ ಹೊತ್ತು ನೋಡಿದ್ದಳು. ತುಟಿಯ ಮೇಲಿನ ಆ ಗೆರೆಯ ಅಂಚು ಬೆಳಕು ಹಿಡಿದು, ಆ ಮುಖಕ್ಕೆ ಅದಿಲ್ಲದಿದ್ದರೆ ಏನೋ ಕಡಿಮೆ ಎನ್ನುವ ಹಾಗಿತ್ತು. ಥರ್ಮಾಕೋಲ್ ಹಿಡಿದು ಕೂತಿದ್ದ ಇಂದ್ರಾಣಿಯ ಹೊಟ್ಟೆಯಲ್ಲಿ ಆಗ ಹಸಿ ಸೌದೆಗೆ ಬೆಂಕಿ ಹತ್ತಿದ ಹಾಗೆ ಹೊಗೆಯಾಡತೊಡಗಿದ್ದು. ಗಂಡ ಹುಡುಗಿಯ ಮೇಲೆ ಕಣ್ಣು ಹಾಕಿದ್ದಾನೆ ಎಂಬ ಉರಿ ಅಲ್ಲ. ಅದಾಗಿದ್ದರೆ ಅವಳಿಗೆ ಬೈಯಲು ಬರುತ್ತಿತ್ತು, ಅಳಲು ಬರುತ್ತಿತ್ತು, ತವರಿಗೆ ಹೋಗಲು ಬಸ್ಸೂ ಇತ್ತು. ಕಾಂತರಾಜ ಅಂಥವನಲ್ಲ, ಹುಡುಗಿಯ ಸೆರಗು ಜಾರಿದರೆ ಗೋಡೆ ಕಡೆ ತಿರುಗಿ, ಇಂದ್ರಾ ನೋಡು ಎನ್ನುವವನು. ಇದು ಬೇರೆ. ಆ ಹತ್ತು ನಿಮಿಷ ಅವಳಿಗೆ ಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ, ಮರದ ಸ್ಟೂಲಿನ ಮೇಲೆ ಬೇಕಿತ್ತು.

ಸ್ಟುಡಿಯೋ ಮೆಟ್ಟಿಲ ಬುಡದಲ್ಲಿ ಹೂವು ಮಾರುವ ಅಶ್ವತ್ಥಮ್ಮನಿಗೆ ಈ ಸೂಕ್ಷ್ಮವೆಲ್ಲ ಯಾಕೆ? ಹಿಂದಿನ ವಾರ ಇಂದ್ರಾಣಿ ಟೀ ತರಲು ಇಳಿದಾಗ ಅವಳು ಮೊಳ ಹಾಕುತ್ತಲೇ ಕೇಳಿದ್ದಳು: “ಏನ್ ಇಂದ್ರಾಣಮ್ಮ, ಎಲ್ಡ್ ನಿಮ್ಸಕ್ಕೆ ಒಂದು ಪಾಸ್‌ಪೋಲ್ಟ್ ಫೋಟೋ ತೆಗೀತಿದ್ದೋನು, ಆ ಉಡ್ಗಿ ಮೂಗೊಂದ್ನ ಮದ್ಯಾನದ ಗಂಟ ನೋಡ್ತಾ ಕುಂತವ್ನಲ್ಲ. ಮೂಗ್ನಾಗೇನ್ ಚಿನ್ನ ಅಗೀತವ್ನಾ? ಗಣಿ ಮುಚ್ಚಿ ಇಪ್ಪತ್ ವರ್ಸ ಆತು ಅಂತ ಏಳವ್ವ ಅವನ್ಗೆ.” ಪಕ್ಕದ ಮೊಬೈಲ್ ಅಂಗಡಿಯವನೂ ನಕ್ಕಿದ್ದ. ಇಂದ್ರಾಣಿಯೂ ನಕ್ಕಿದ್ದಳು, ನಗದೆ ಬಂದಿದ್ದರೆ ಅದೇ ಮಾತು ನಿಜವಾಗುತ್ತಿತ್ತು. ಟೀ ಮಾತ್ರ ಮೇಲೆ ಬರುವಷ್ಟರಲ್ಲಿ ಅರ್ಧ ತುಳುಕಿತ್ತು.

ಈಗ ಅವಳು ನೆಲದ ಮೇಲೆ ಕೂತು, ಹುಡುಗಿಯ ಮಡಿಲ ಮಟ್ಟಕ್ಕೆ ಥರ್ಮಾಕೋಲ್ ಹಾಳೆಯನ್ನು ಓರೆಯಾಗಿ ಹಿಡಿದಿದ್ದಳು. ಮೇಲಿನಿಂದ ಬಂದ ಬೆಳಕು ಹಾಳೆಗೆ ಬಡಿದು ಹುಡುಗಿಯ ಗದ್ದದ ಕೆಳಗೆ, ಕಣ್ಣಿನ ಗುಳಿಗೆ ಏರುತ್ತಿತ್ತು. ಒಂದು ಅಂಗುಲ ಕೆಳಗೆ ಬಾಗಿಸಿದರೆ ಕಣ್ಣು ಆರಿ ಹೋಗುತ್ತಿದ್ದವು. ಮತ್ತೆ ಎತ್ತಿದರೆ ಹತ್ತಿಕೊಳ್ಳುತ್ತಿದ್ದವು. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಫೋನಿನ ಪಾಠದವನೂ ಹೇಳಿರಲಿಲ್ಲ. ಅವಳ ಕೈಯೇ ಕಂಡುಕೊಂಡಿತ್ತು. ಬಾಗಿಸಿದಳು. ಆರಿತು. ಇಷ್ಟು ದೊಡ್ಡ ಲೈಟು, ಇಷ್ಟು ದುಡ್ಡು, ಕೊನೆಗೆ ಹುಡುಗಿಯ ಕಣ್ಣಿನ ಜೀವ ಇರುವುದು ಎಪ್ಪತ್ತು ರೂಪಾಯಿಯ ಹಾಳೆಯಲ್ಲಿ, ಅದು ಇರುವುದು ತನ್ನ ಕೈಯಲ್ಲಿ ಎಂದುಕೊಂಡಾಗ ಅವಳಿಗೆ ಒಂಥರಾ ಹಿತವಾಯಿತು, ಆ ಹಿತಕ್ಕೇ ನಾಚಿಕೆಯೂ ಆಯಿತು. “ಇಂದ್ರಾ, ಶೀಟು,” ಎಂದ ಕಾಂತರಾಜ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಎತ್ತಿದಳು. ಹುಡುಗಿ ಮೇಲಿಂದ ನೋಡಿ, “ಅಕ್ಕಂಗೆ ಕೈ ನೋವು ಬಂದೈತೆ ಅಣ್ಣಾ, ಒಂಚೂರು ಬಿಡಿ,” ಎಂದಳು. ಮಧ್ಯಾಹ್ನ ತನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧವನ್ನು ಇಂದ್ರಾಣಿಯ ತಟ್ಟೆಗೆ ಸುರಿದಳು. ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗಿತ್ತು.

ಮೂರು ಗಂಟೆಗೆ ಆರು ಫೋಟೋ ಆರಿಸಿದ್ದಾಯಿತು. ಬೆಂಗಳೂರಿನ ಒಂದು ಜಾಹೀರಾತು ಕಚೇರಿಯವರು ಕೈಮಗ್ಗದ ಸೀರೆಗಳ ಪುಸ್ತಕಕ್ಕೆ ಹೊಸ ಮುಖ ಹುಡುಕುತ್ತಿದ್ದರು. ಸಂಜೆ ಆರರೊಳಗೆ ಫೋಟೋ ಹೋಗಬೇಕು, ಏನೂ ತಿದ್ದಿರಬಾರದು, ಮುಖ ಇದ್ದ ಹಾಗೇ ಇರಬೇಕು ಎಂದು ಬರೆದಿದ್ದರು. ಆಯ್ಕೆಯಾದರೆ ವರ್ಷದ ಕೆಲಸ, ಹುಡುಗಿ ಸೀರೆ ಅಂಗಡಿ ಬಿಡಬಹುದು. ಏನೂ ಮುಟ್ಟಲ್ಲ ಎಂದು ಕಾಂತರಾಜ ಮಾತು ಕೊಟ್ಟ ಮೇಲೆ ಅವಳು ಬಸ್ಸಿಗೆ ಹೋದಳು. ಕಾಂತರಾಜನಿಗೆ ಕ್ಯಾಸಂಬಳ್ಳಿಯಲ್ಲಿ ಒಂದು ಗೃಹಪ್ರವೇಶವಿತ್ತು. ಬ್ಯಾಗು ಹೆಗಲಿಗೇರಿಸಿ, ಬಾಗಿಲ ತನಕ ಹೋದವನು ತಿರುಗಿ ಬಂದ.

“ಇದ್ನ ಮಾತ್ರ ಮುಟ್ಬ್ಯಾಡ ಇಂದ್ರಾ. ಗಾಯ, ಬಣ್ಣ, ಏನ್ನೂ. ಇದ್ದಂಗೇ ಕಳ್ಸು.”

“ಆಯ್ತು, ಓಗಿ,” ಎಂದಳು.

ಸ್ಟುಡಿಯೋ ಖಾಲಿಯಾಯಿತು. ಕೆಳಗೆ ಅಶ್ವತ್ಥಮ್ಮ ಯಾರೊಂದಿಗೋ ತೆಲುಗಿನಲ್ಲಿ ಜಗಳಕ್ಕೆ ನಿಂತಿದ್ದಳು. ಇಂದ್ರಾಣಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಫೋಟೋ ತೆರೆದಳು. ಕೀಬೋರ್ಡಿನ ಮೇಲಿನ ಸಾಲಿನ ಆರನೇ ಗುಂಡಿಯ ಮೇಲೆ ಅಕ್ಷರ ಸವೆದು ಹೋಗಿತ್ತು. ಅದನ್ನು ಒತ್ತಿದರೆ ಸಾಕು, ಬಣ್ಣ ಎರಡು ಮೆಟ್ಟಿಲು ಬೆಳ್ಳಗಾಗಿ, ಚರ್ಮ ನುಣುಪಾಗಿ, ಕಲೆಗಳು ಕರಗುವ ಹಾಗೆ ಅವಳೇ ಹತ್ತು ವರ್ಷದ ಹಿಂದೆ ಹೊಂದಿಸಿಟ್ಟಿದ್ದಳು. ಉಳಿದದ್ದನ್ನು ಮೌಸಿನಲ್ಲಿ ಒರೆಸಿದರಾಯಿತು. ಈ ಊರಿನ ಅರ್ಧ ಮದುಮಕ್ಕಳು ಆ ಗುಂಡಿಯ ಕೆಳಗಿಂದ ಹಾದುಹೋದವರೇ. ಯಾರೂ ಮುಟ್ಟಬೇಡ ಎಂದಿರಲಿಲ್ಲ. ಇನ್ನೂ ಒಂಚೂರು ಬೆಳ್ಳಗೆ ಮಾಡಮ್ಮ ಎಂದವರೇ ಎಲ್ಲ. ಮುಟ್ಟಬೇಡ. ಆ ಪದವನ್ನು ಅವಳು ನಾಲಿಗೆಯ ಮೇಲೆ ಹೊರಳಿಸಿದಳು. ಪೆನ್ಸಿಲ್ ಹಿಡಿದು ತನ್ನ ನೆಗೆಟಿವ್ ಮೇಲೆ ಬಗ್ಗಿದ್ದವನಿಗೆ ಈ ಪದ ಆಗ ಗೊತ್ತಿರಲಿಲ್ಲವೇ? ಪರದೆಯ ಮೇಲೆ ಹುಡುಗಿ ಅವಳನ್ನು ನೋಡುತ್ತಿದ್ದಳು, ಗಾಯ ಮುಂದೆ ಮಾಡಿಕೊಂಡು, ಹೆದರಿಕೆಯಿಲ್ಲದೆ. ಮೊದಲ ದಿನ ಇವಳೇ ಕೇಳಿದ್ದಳಲ್ಲ, ತೆಗೆಯಲಾಗುತ್ತದಾ ಎಂದು? ಬೆಂಗಳೂರಿನವರು ಹೇಳುವುದೊಂದು, ಆರಿಸುವುದೊಂದು; ಬೆಳ್ಳಗಿದ್ದರೇ ಒಳ್ಳೆಯದಾಗುತ್ತದೆ; ಗಂಡಸರಿಗೇನು ಗೊತ್ತು ಹೆಣ್ಣಿನ ಮುಖದ ಕಷ್ಟ? ಹೊಟ್ಟೆಕಿಚ್ಚಿಗೆ ಉಪಕಾರದ ಸೀರೆ ಉಡಿಸುವುದು ಎಷ್ಟು ಸಲೀಸು, ನೆರಿಗೆ ತಾನಾಗೇ ಕೂರುತ್ತದೆ. ಹೀಗೆ ನೆರಿಗೆ ಹಿಡಿಯುತ್ತಿರುವುದು ಅವಳಿಗೆ ಗೊತ್ತೂ ಇತ್ತು. ಗೊತ್ತಿದ್ದೇ ಒತ್ತಿದಳು. ಗಾಯ ಪೂರ್ತಿ ಹೋಗಲಿಲ್ಲ. ಅದನ್ನು ಮೌಸಿನಿಂದ ತುಸು ತುಸುವೇ, ಅಕ್ಕರೆಯಿಂದ ಎನ್ನುವ ಹಾಗೆ ಒರೆಸಿದಳು. ಆರು ಮುಖಕ್ಕೂ ಮಾಡಿದಳು. ಐದೂ ನಲವತ್ತಕ್ಕೆ ಕಳಿಸಿ, ದೀಪ ಹಚ್ಚಿ, ದೇವರ ಫೋಟೋಗೆ ಕೈ ಮುಗಿಯಲು ಹೋದವಳು ಮುಗಿಯದೆ ಬಂದಳು.

ಮೂರನೇ ದಿನಕ್ಕೆ ಫೋನು ಬಂತು. ಆಯ್ಕೆಯಾಗಿದೆ, ಮುಂದಿನ ಮಂಗಳವಾರ ಬಂದು ಮುಖ ತೋರಿಸಿ ಹೋಗಲಿ ಎಂದರಂತೆ. ಭಾನುಪ್ರಿಯ ಅಂಗಡಿಯಿಂದ ಓಡಿ ಬಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಇಂದ್ರಾಣಿಗೆ ಮೊದಲು ಎದೆ ಹಗುರಾಯಿತು. ನೋಡಿದಿರಾ, ನಾನು ಮಾಡಿದ್ದೇ ಸರಿ ಎಂದು ಗಂಡನಿಗೆ ಹೇಳಿಬಿಡಲೇ ಎನ್ನಿಸಿತು. ಕಾಂತರಾಜ ಹುಡುಗಿಯ ತಲೆ ಸವರಿ, “ನಿನ್ ಮುಖ ಗೆಲ್ತು ಕಣಮ್ಮ,” ಎಂದಾಗ ಅವಳು ಆ ಮಾತು ಬಿಟ್ಟು ಟೀ ತರಲು ಮೆಟ್ಟಿಲಿಳಿದಳು. ಹೇಳುವುದಾದರೆ ಐದು ದಿನ ಇತ್ತು. ಒಂದು ಫೋನು ಮಾಡಿದ್ದರೆ, ನಿಜವಾದ ಫೋಟೋ ಇನ್ನೊಮ್ಮೆ ಕಳಿಸಿದ್ದರೆ ಮುಗಿಯುತ್ತಿತ್ತು. ನಾಳೆ ಎಂದುಕೊಂಡಳು, ಐದು ಸಲ.

ಬುಧವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು. ಹಿಂದಿನ ದಿನ ಬೆಂಗಳೂರಿಗೆ ತಾಯಿಯೂ ಕೆಲಸಕ್ಕೆ ರಜ ಹಾಕಿ ಜೊತೆಗೆ ಬಂದಿದ್ದಳಂತೆ. ಒಳಗೆ ಒಬ್ಬ ಹೆಂಗಸು ಇವಳ ಮುಖ ನೋಡಿ, ಫೋಟೋ ನೋಡಿ, ಮತ್ತೆ ಮುಖ ನೋಡಿದಳಂತೆ. ಫೋಟೋದಲ್ಲಿರುವ ಹುಡುಗಿ ಬರಲಿಲ್ಲವೇ ಎಂದು ಗಂಗರತ್ನಮ್ಮನನ್ನು ಕೇಳಿದಳಂತೆ. ಇವಳೇ ಎಂದ ಮೇಲೆ, ಇಂಥ ಮುಖವೇ ನಮಗೆ ಬೇಕಿತ್ತು, ಆದರೆ ಮೊದಲ ದಿನವೇ ಸುಳ್ಳು ಕಳಿಸಿದವರ ಜೊತೆ ಕೆಲಸ ಹೇಗೆ ಮಾಡೋದು ಎಂದು ಬಾಗಿಲು ತೋರಿಸಿದಳಂತೆ. ಇಷ್ಟನ್ನೂ ಹುಡುಗಿ ಹೇಳಿದ್ದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

“ಮುಟ್ಟಲ್ಲ ಅಂದ್ರಿ ಅಣ್ಣಾ,” ಎಂದಳು.

ಕಾಂತರಾಜ ಹೆಂಡತಿಯ ಕಡೆ ನೋಡಲಿಲ್ಲ. ಅಷ್ಟರಿಂದಲೇ ಅವನಿಗೆ ತಿಳಿಯಿತು ಎಂದು ಅವಳಿಗೆ ತಿಳಿಯಿತು. “ನಾನೇ ಕಣಮ್ಮ,” ಎಂದ. “ಕೈ ತಪ್ತು. ಇಷ್ಟ್ ವರ್ಸದ ಅಭ್ಯಾಸ.” ಹುಡುಗಿ ತಲೆಯಾಡಿಸಿ ಇಳಿದು ಹೋದಳು. ಅವನು ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದು ಹೆಂಡತಿಯ ಮರ್ಯಾದೆ ಉಳಿಸಲೋ, ಹುಡುಗಿಯ ಮನಸ್ಸು ಉಳಿಸಲೋ ಎಂದು ಆ ಗಳಿಗೆಯಲ್ಲೂ ಇಂದ್ರಾಣಿಯ ಒಳಗಿನದು ಲೆಕ್ಕ ಹಾಕಿತು.

ಅವನು ಬೈಯಲಿಲ್ಲ. ಲೈಟಿನ ವೈರು ಸುತ್ತುತ್ತ ನಿಂತ. ಮಧ್ಯಾಹ್ನದ ತನಕ ಇಬ್ಬರು ಗಿರಾಕಿಗಳು ಬಂದರು, ಆಧಾರ್‌ಗೆ ಒಂದು, ಬ್ಯಾಂಕಿಗೆ ಒಂದು. ಅವರು ಹೋದ ಮೇಲೆ ಅವಳೇ ಕೇಳಿದಳು.

“ನಂದ್ಯಾಕೆ ಅಳ್ಸಿದ್ರಿ?”

“ಏನ್ನ?”

“ಮಚ್ಚೆ. ಮಾಲೂರಿಗೆ ಕಳ್ಸಿದ ಫೋಟೋದಾಗೆ.”

ಕಾಂತರಾಜ ವೈರು ಹಿಡಿದುಕೊಂಡೇ ಯೋಚಿಸಿದ. ನಿಜವಾಗಿಯೂ ಯೋಚಿಸುತ್ತಿದ್ದ, ಅದು ಮುಖದಲ್ಲಿ ಕಾಣುತ್ತಿತ್ತು. “ಅಳ್ಸಿದ್ನಾ?” ಎಂದ. “ಗ್ಯಾಪ್ಕ ಇಲ್ಲ ಕಣೇ. ಆಗ ಎಲ್ರುದೂ ಅಳಿಸ್ತಿದ್ದೆ. ನಿಂದೂ ಅಳ್ಸಿರ್ತೀನಿ.”

ಇಪ್ಪತ್ತು ವರ್ಷ ಅವಳು ಹೊತ್ತು ತಿರುಗಿದ್ದು ಇಷ್ಟು. ಅವನು ಆ ಮಚ್ಚೆಯನ್ನು ಬೇಡ ಎಂದಿರಲಿಲ್ಲ, ಬೇಕು ಎಂದೂ ಅಂದಿರಲಿಲ್ಲ; ಕೈ ತನ್ನ ಪಾಡಿಗೆ ತಾನು ಓಡಿತ್ತು, ಮೊನ್ನೆಯವರೆಗೆ ತನ್ನ ಬೆರಳು ಆರನೇ ಗುಂಡಿಯ ಮೇಲೆ ಓಡುತ್ತಿದ್ದ ಹಾಗೆ. ಆದರೆ ಹುಡುಗಿಯ ಮುಖದ ಮೇಲೆ ಓಡಿದ್ದು ಅಭ್ಯಾಸವಲ್ಲ. ಗಂಡನ ತಪ್ಪಿಗೆ ನೆವವಿತ್ತು, ತನ್ನದಕ್ಕೆ ಇರಲಿಲ್ಲ. ಅವನು ಗೋಡೆ ಕಡೆ ನೋಡುತ್ತ, “ನೀನು ಕೇಳೋದಲ್ವಾ ಆಗ್ಲೇ,” ಎಂದ.

ಭಾನುವಾರ ಅವಳು ಒಬ್ಬಳೇ ಬಸ್ಸು ಹತ್ತಿದಳು. ಹೊರಡುವ ಮುಂಚೆ ಹುಡುಗಿಯ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕುವಾಗ ಕ್ಯಾಮೆರಾದ ಕಾರ್ಡಿನಲ್ಲಿ ತನ್ನವೂ ಸಿಕ್ಕಿದವು, ಲೈಟಿನ ಪರೀಕ್ಷೆಗೆ ಹೊಡೆದವು. ಅಳಿಸುತ್ತಾನೆ ಎಂದುಕೊಂಡಿದ್ದಳು, ಅವನು ಅಳಿಸಿರಲಿಲ್ಲ, ಯಾಕೆಂದರೆ ಅಳಿಸುವ ಕೆಲಸವೂ ಅವಳದೇ ಆಗಿತ್ತು. ಒಂದರಲ್ಲಿ ಅವಳು ಹುಡುಗಿ ಬಂದಳೇ ಎಂದು ಬಾಗಿಲ ಕಡೆ ನೋಡುತ್ತಿದ್ದಳು. ತ್ರಿಕೋನದ ನಡುವೆ ಮಚ್ಚೆ. ನಲವತ್ತೊಂದರ ಹೆಂಗಸು, ಕಾಯುತ್ತಿರುವವಳು, ನೋಡುವ ಹಾಗಿದ್ದಳು. ಅದನ್ನು ಅವಳು ಮುಟ್ಟಲಿಲ್ಲ.

ನಂದಿದುರ್ಗದ ಲೈನುಗಳ ಹಿಂದೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ ಬಿಸಿಲಿಗೆ ಬೆಳ್ಳಗೆ ಕೂತಿತ್ತು. ಅಲ್ಲಿಂದ ಮರಳಿ ಬಡಿಯುವ ಬೆಳಕಿನಲ್ಲಿ ಎಲ್ಲರ ಗದ್ದದ ಕೆಳಗೂ ಹೊಳಪು ಇರುವುದನ್ನು ಅವಳು ಗಮನಿಸಿದಳು. ಇಷ್ಟು ದೊಡ್ಡ ಥರ್ಮಾಕೋಲ್ ಇದ್ದದ್ದು ಇಲ್ಲೇ. ಗಂಗರತ್ನಮ್ಮ ನೀರು ಕೊಟ್ಟು ಒಳಗೆ ಹೋದಳು, ಕೂತುಕೋ ಎನ್ನಲಿಲ್ಲ. ಭಾನುಪ್ರಿಯ ಹೊಸಿಲ ಮೇಲೆ ನಿಂತಿದ್ದಳು. ಇಂದ್ರಾಣಿ ಪೆನ್‌ಡ್ರೈವ್ ಕೊಟ್ಟಳು. ಎಲ್ಲ ಇದ್ದ ಹಾಗೇ ಇವೆ, ಬೇರೆ ಕಡೆ ಕಳಿಸಬಹುದು, ಆ ಬೆಂಗಳೂರಿನ ಹೆಂಗಸಿಗೂ ನಾನೇ ಫೋನು ಮಾಡಿ ತಪ್ಪು ನಿನ್ನದಲ್ಲ ಎಂದು ಹೇಳಿದೆ, ಬೇರೆಯವರನ್ನು ತಗೊಂಡಾಯಿತು ಎಂದರು ಎಂದಳು. ಆಮೇಲೆ ಹೇಳಲು ಬಂದದ್ದನ್ನು ಹೇಳಿದಳು.

“ಅಣ್ಣ ಅಲ್ಲ ಭಾನು. ನಾನು.”

“ಗೊತ್ತಿತ್ತು,” ಎಂದಳು ಹುಡುಗಿ. “ಅಣ್ಣಂಗೆ ಕಂಪ್ಯೂಟ್ರು ಆನ್ ಮಾಡಕ್ಕೂ ಬರಲ್ಲ ಅಂತ ನೀವೇ ಏಳಿದ್ರಲ್ಲ.”

ನಲ್ಲಿಯ ಬಳಿ ಬಿಂದಿಗೆಗಳು ಸಾಲಾಗಿದ್ದವು. ಯಾರೋ ತಮಿಳಿನಲ್ಲಿ ನೀರು ಬಂತು ಎಂದು ಕೂಗಿದರು.

“ಯಾಕೆ ಮೇಡಂ?” ಎಂದು ಕೇಳಿದಳು.

ಇಂದ್ರಾಣಿಗೆ ಉತ್ತರ ಗೊತ್ತಿತ್ತು. ಆ ಹುಡುಗಿಯ ಮುಂದೆ ಇಡುವಷ್ಟು ದೊಡ್ಡದಾಗಿರಲಿಲ್ಲ ಅದು. ಹುಡುಗಿಯೇ ಪರವಾಗಿಲ್ಲ ಎಂದಳು. ಹಾಗೆನ್ನುವಾಗ ಅವಳ ಬಲಗೈ ಮೇಲೆ ಹೋಗಿ ತುಟಿಯನ್ನು ಮುಚ್ಚಿತ್ತು.

ಕಾಂತರಾಜನಿಗೆ ಬೆಳಕು ಕೈಗೆ ಹತ್ತಿತು. ಮದುವೆಗೆ ಮುಂಚಿನ ಫೋಟೋಗಳಿಗೆ ಈಗ ಕೋಲಾರದಿಂದಲೂ ಜನ ಬರುತ್ತಾರೆ. ಕೀಬೋರ್ಡಿನ ಆರನೇ ಗುಂಡಿಯನ್ನು ಇಂದ್ರಾಣಿ ಕೇಳದೆ ಒತ್ತುವುದಿಲ್ಲ, ಕೇಳಿದರೆ ಹೆಚ್ಚಿನವರು ಒತ್ತಿ ಎಂದೇ ಹೇಳುತ್ತಾರೆ. ಅವಳಿಗೆ ತನ್ನದೊಂದು ಫೋಟೋ ಸಿಕ್ಕಿತು. ಭಾನುಪ್ರಿಯ ಅದೇ ಸೀರೆ ಅಂಗಡಿಯಲ್ಲಿದ್ದಾಳೆ, ಹೆಗಲ ಮೇಲೆ ಸೀರೆ ಹೊದ್ದು ಗಿರಾಕಿಗಳಿಗೆ ತೋರಿಸುತ್ತಾಳೆ. ಇನ್ನೊಂದು ಕೆಲಸ ಇವತ್ತಲ್ಲ ನಾಳೆ ಸಿಕ್ಕೀತು. ಬಾಯಿಂದ ಕೆಳಗಿಳಿದಿದ್ದ ಆ ಕೈ ಮಾತ್ರ ಮತ್ತೆ ಮೇಲೆ ಹೋಯಿತು. ಅದನ್ನು ಇಳಿಸಲು ಒಬ್ಬ ಗಂಡಸು ಹತ್ತು ನಿಮಿಷ ಕಾದಿದ್ದ, ಏರಿಸಲು ಇಂದ್ರಾಣಿಗೆ ಅಷ್ಟು ಹೊತ್ತೂ ಬೇಕಾಗಿರಲಿಲ್ಲ.